ಪಿಎಚ್‌ಡಿಗೆ ಹೆಸರು ಹಚ್ಚಲೇನ್ರಿ ಸರ್?

"ಸರ್, ಎಂಎ ಮುಗೀತ್ರಿ. ಪಿಎಚ್‌ಡಿ ಮಾಡಬೇಕಂತ ಮಾಡೀನಿ. ಗೈಡ್ ಯಾರಿಗಿ ಕೇಳಬೇಕ್ರಿ? ಫೆಲೋಶಿಪ್ ಬರ್ತದೇನ್ರಿ?" ರಿಸಲ್ಟ್ ಬಂತೆಂದರೆ ಫೋನಿನಲ್ಲಿ, ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನನಗೆ ಈ ಮಾತು ತಪ್ಪಿದ್ದಲ್ಲ. ಕೇಳುವವರು ಹೆಚ್ಚಾಗಿ ನಮ್ಮ ಕಲ್ಯಾಣ ಕರ್ನಾಟಕದ ಆಳಂದ, ಚಿತ್ತಾಪುರ, ಶಹಾಪುರ, ಔರಾದ ಕಡೆಯವರು. ಮನೆಯಲ್ಲಿ ಇಷ್ಟು ಓದಿದವರಲ್ಲಿ ಅವರೇ ಮೊದಲಿಗರು. ನಾನು ಹೇಳುವುದು ಒಂದೇ: ರೊಕ್ಕದ ದಾರಿ ಕಾಣುವ ತನಕ ಫುಲ್‌ಟೈಮ್ ಹೆಸರು ಹಚ್ಚಬೇಡಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ನಮ್ಮ ಕಡೆ ಮೂರಕ್ಕೇ ಮುಗಿಸಿದವರು ಅಪರೂಪ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷವಾದ ಮೇಲೆ ಕಮಿಟಿ ಒಪ್ಪಿದರೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಎಂದು 42,000. ಎರಡೂ ಸೇರಿ ಒಟ್ಟು ಐದು ವರ್ಷ. ಜೆಆರ್‌ಎಫ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾನ್-ನೆಟ್ ಫೆಲೋಶಿಪ್ ಅಂತ ಸಿಗುವುದು 8,000. ಖೋಲಿ ಬಾಡಿಗೆ, ಮೆಸ್ಸು, ಜೆರಾಕ್ಸ್ ಕಳೆದು ಊರಿಗೆ ಹೋಗುವ ಬಸ್ ಚಾರ್ಜಿಗೆ ಅಪ್ಪನಿಗೇ ಫೋನ್ ಮಾಡಬೇಕು. ಹೀಗಾಗಿ ನೆಟ್ ಓದಲು ಇನ್ನೊಂದು ವರ್ಷ ಮನೆಯಲ್ಲಿ ಕೂತರೆ ಅದನ್ನು ವ್ಯರ್ಥ ಎನ್ನಬೇಡಿ. ಜೆಆರ್‌ಎಫ್ ನಿಮ್ಮದು. ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ಸಿಗೆ ಹೋದರೂ ಬರುತ್ತದೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋದರೂ ಬರುತ್ತದೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೆ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ಇದನ್ನು ಪ್ರತಿ ವರ್ಷವೂ ಯಾರಿಗಾದರೂ ಹೇಳಬೇಕಾಗುತ್ತದೆ. (ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಡೆ ಹೋಗುವವರ ದಾರಿ ಬೇರೆ, ಅವರು ಕೃಷಿ ಸಂಶೋಧನಾ ಪರಿಷತ್ತಿನ, ಅಂದರೆ ಐಸಿಎಆರ್ ಪರೀಕ್ಷೆ ನೋಡಿಕೊಳ್ಳಲಿ.)

ನಮ್ಮ ಹುಡುಗರು ಮುಗ್ಗರಿಸುವುದು ನೆಟ್ ಅರ್ಜಿ ತುಂಬುವಾಗ. ನಾಡಕಚೇರಿಯಿಂದ ತಂದ 2ಎ, 3ಬಿ ಪ್ರಮಾಣಪತ್ರ ಕೈಯಲ್ಲಿದೆ ಅಂತ ಒಬಿಸಿ ಕಾಲಂನಲ್ಲಿ ಟಿಕ್ ಹೊಡೆಯುತ್ತಾರೆ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಅದರ ನಮೂನೆಯೂ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಷ್ಟೋ ಜಾತಿಗಳು ಅದರಲ್ಲಿಲ್ಲ. ಇದ್ದರೂ ಕೆನೆಪದರಕ್ಕೆ ಸೇರಿಲ್ಲ ಎಂಬ ಕೇಂದ್ರ ನಮೂನೆಯ ಪ್ರಮಾಣಪತ್ರ ಬೇಕು. ಜೆಆರ್‌ಎಫ್‌ಗೆ ವಯೋಮಿತಿ 30. ಎಸ್‌ಸಿ, ಎಸ್‌ಟಿ, ಕೇಂದ್ರದ ಒಬಿಸಿ ಮತ್ತು ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಇನ್ನು ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಟ್ಟ ಸಂವಿಧಾನದ 371ಜೆ ವಿಧಿ: ರಾಜ್ಯದ ನೌಕರಿಗೆ ಅದು ನಮಗೆ ದೊಡ್ಡ ಆಸರೆ, ಖರೆ. ನೆಟ್ ಪರೀಕ್ಷೆಗೆ ಅದರಿಂದ ಏನೂ ಆಗುವುದಿಲ್ಲ.

"ಅತಿಥಿ ಉಪನ್ಯಾಸಕ ಆಗೀನ್ರಿ, ಜೊತಿಗೇ ಮಾಡ್ಲಾ?" ಪಾರ್ಟ್‌ಟೈಮ್ ಪಿಎಚ್‌ಡಿಗೆ ನಿಯಮದಲ್ಲಿ ಅವಕಾಶವಿದೆ, ಕೆಲಸ ಕೊಟ್ಟವರಿಂದ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕು. ಆದರೆ ಸಂಬಳ ಮತ್ತು ಜೆಆರ್‌ಎಫ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ.

ಈಗ ಗೈಡ್ ವಿಷಯ. ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ "ದೊಡ್ಡ ಸರ್" ಹಿಂದೆ ಓಡಾಡುವ ಮೊದಲು ಸೀಟು ಖಾಲಿ ಇದೆಯೇ, ಅವರ ನಿವೃತ್ತಿ ಯಾವಾಗ ಎಂದು ವಿಚಾರಿಸಿ. ಭಾಷಣಕ್ಕೆ ಹೆಸರಾದವರೆಲ್ಲ ಗೈಡ್ ಆಗಿ ಚಲೋ ಇರುತ್ತಾರೆ ಅಂತಿಲ್ಲ. ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆರೆದು ಅವರ ಕೈಕೆಳಗೆ ಮುಗಿದ ಪ್ರಬಂಧಗಳನ್ನು ನೋಡಿ. ಒಂದನ್ನು ಇಳಿಸಿಕೊಂಡು ಮೊದಲು ಕೃತಜ್ಞತೆಯ ಪುಟ ಓದಿ. "ಪ್ರತಿ ಅಧ್ಯಾಯವನ್ನೂ ತಿದ್ದಿಕೊಟ್ಟ" ಅಂತ ಇದ್ದರೆ ಒಂದು ಸಮಾಚಾರ, ಬರೇ "ಪೂಜ್ಯ ಗುರುಗಳ ಆಶೀರ್ವಾದದಿಂದ" ಅಂತ ಇದ್ದರೆ ಇನ್ನೊಂದು. ಆಮೇಲೆ ಆ ಪ್ರಬಂಧ ಬರೆದವರನ್ನೇ ಹುಡುಕಿ ಒಂದು ಚಹಾ ಕುಡಿಸಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು, ಮನೆಗೆಲಸ ಹೇಳುತ್ತಿದ್ದರಾ, ಫೆಲೋಶಿಪ್ ಕಾಗದಕ್ಕೆ ಸಹಿ ಹಾಕಲು ಸತಾಯಿಸುತ್ತಿದ್ದರಾ ಎಂದು ಕೇಳಿ. ಪದವಿ ಕೈಗೆ ಬಂದವರು ಬಾಯಿ ಬಿಡುತ್ತಾರೆ, ಇನ್ನೂ ಒಳಗಿದ್ದವರು ಬಿಡುವುದಿಲ್ಲ.

ಸಹಿಯ ಮಾತು ಯಾಕೆಂದರೆ, ಫೆಲೋಶಿಪ್ ತಾನಾಗಿ ಖಾತೆಗೆ ಬೀಳುವುದಿಲ್ಲ. ನೀವು ಹಾಜರಿದ್ದೀರಿ ಎಂದು ವಿಶ್ವವಿದ್ಯಾಲಯ ತಿಂಗಳು ತಿಂಗಳು ದೃಢೀಕರಿಸಬೇಕು. ವಿಭಾಗದಲ್ಲಿ ಒಂದು ಕಾಗದ ನಿಂತರೆ ಹಣವೂ ನಿಲ್ಲುತ್ತದೆ. ಶುರುವಿನ ಕೆಲವು ತಿಂಗಳಿಗಾಗುವಷ್ಟು ರೊಕ್ಕ ಬೇರೆ ಇಟ್ಟುಕೊಂಡೇ ಸೇರಿ.

ಹೆಣ್ಣುಮಕ್ಕಳ ಮನೆಯವರು "ಮದುವಿ ಆದ್ರ ಹೆಂಗ?" ಅನ್ನುತ್ತಾರೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಇದೆ, ಮುಗಿಸಲು ಎರಡು ವರ್ಷ ಹೆಚ್ಚುವರಿ ಅವಕಾಶವೂ ಇದೆ. ಆ ನಿಯಮದ ಪ್ರತಿ ತೆಗೆದು ಮನೆಯವರ ಕೈಗೇ ಕೊಡಿ.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಇಲ್ಲಿಗೇ: "ನೀವೇ ಒಂದ್ ಮಾತ್ ಹೇಳ್ರಿ ಸರ್ ಅವರಿಗಿ." ನಾನು ಹೇಳುವುದಿಲ್ಲ. ವಶೀಲಿ ಹಚ್ಚಿ ಒಳಗೆ ಹೋದವನು ಗೈಡ್ ಎದುರು ಆರು ವರ್ಷ ತಲೆ ಎತ್ತುವುದಿಲ್ಲ. ಅದರ ಬದಲು ನೀವು ಮಾಡಬೇಕೆಂದಿರುವ ಸಂಶೋಧನೆಯ ಬಗ್ಗೆ ಎರಡು ಪುಟ ಬರೆದುಕೊಂಡು ಹೋಗಿ. "ವಚನಗಳಲ್ಲಿ ಮಾನವೀಯ ಮೌಲ್ಯಗಳು" ಬೇಡ. ಬೀದರಿನ ಬಿದರಿ ಕುಶಲಕರ್ಮಿಗೆ ಇವತ್ತು ದಿನಗೂಲಿ ಎಷ್ಟು ಬೀಳುತ್ತದೆ, ಅವನ ಮಗ ಅದೇ ಕೆಲಸಕ್ಕೆ ಕೂರುತ್ತಾನೋ ಇಲ್ಲವೋ ಎಂಬಂಥದ್ದು ಬರೆಯಿರಿ. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರುವಷ್ಟು ಹತ್ತಿರದ ವಿಷಯವಾದರೆ ಕಂಟಿಂಜೆನ್ಸಿ (ಸಂಶೋಧನೆಯ ಖರ್ಚಿಗೆ ಕೊಡುವ) ಹಣವೂ ಉಳಿಯುತ್ತದೆ.