ಎಕ್ಸ್ ಟರ್ಮಿನಲ್ ಡೈರಿ: 25 ಓಮ್ ಸಿಗುವ ತನಕ

ಮೊದಲ ಭಾನುವಾರ

ಧಾರವಾಡದ ಗೆಳೆಯನ ಅಟ್ಟದ ಮೇಲಿದ್ದ ಎಕ್ಸ್ ಟರ್ಮಿನಲ್ ಕೊನೆಗೂ ಹುಬ್ಬಳ್ಳಿ ಉಣಕಲ್‌ನ ನಮ್ಮ ಮನೆಗೆ ಬಂತು. ಬೇರೆ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂಗಳನ್ನು ತನ್ನ ಪರದೆ ಮೇಲೆ ತೋರಿಸುವ ಡಬ್ಬಿ ಇದು. ಚಿಗರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ತಂದೆ. ಅಗಲದಲ್ಲಿ ಸೀರೆ ಡಬ್ಬಿಯಷ್ಟು, ತೂಕ ಮಾತ್ರ ಜಾಸ್ತಿ. ಒಳಗೆ ಹಾರ್ಡ್ ಡಿಸ್ಕ್ ಇಲ್ಲ. ಆನ್ ಮಾಡಿದರೆ ನೆಟ್‌ವರ್ಕ್‌ನಲ್ಲಿರುವ ಬೇರೆ ಕಂಪ್ಯೂಟರನ್ನು ಕೇಳಿ ತನ್ನ ಸಾಫ್ಟ್‌ವೇರ್ ತರಿಸಿಕೊಳ್ಳಬೇಕು. ಆ ಸಾಫ್ಟ್‌ವೇರ್ ಇರುವ ಸಿಡಿಯನ್ನು ಗೆಳೆಯ ಜೋಪಾನವಾಗಿ ಇಟ್ಟಿದ್ದ, ಪುಣ್ಯ.

ಇಷ್ಟು ಹಳೆಯದು ಈಗ ಯಾಕೆ ಅಂತ ಮನೆಯಲ್ಲಿ ಕೇಳಿದರು. ಪರದೆ ಮೇಲೆ ಪ್ರೋಗ್ರಾಂಗಳ ಕಿಟಕಿ ಬಿಡಿಸುವ ಎಕ್ಸ್ ವಿಂಡೋ ಅನ್ನೋ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾಯಿತು. ಅದರ 11ನೇ ಆವೃತ್ತಿ 1987ರಲ್ಲಿ ಬಂತು, ಇವತ್ತಿಗೂ ಅದೇ ಆವೃತ್ತಿ. ಅಂದರೆ 90ರ ದಶಕದ ಈ ಡಬ್ಬಿ ನನ್ನ ಈಗಿನ ಲಿನಕ್ಸ್ ಲ್ಯಾಪ್‌ಟಾಪ್ ಜೊತೆ ಮಾತಾಡಲೇಬೇಕು. ಅದನ್ನು ಕಣ್ಣಾರೆ ನೋಡಬೇಕು ಅನ್ನೋದೇ ನನ್ನ ಆಸೆ.

ಆನ್ ಮಾಡಿದೆ. ಹಸಿರು ದೀಪ ಹತ್ತಿತು. ಮಾನಿಟರ್ ಮಾತ್ರ 'ಸಿಗ್ನಲ್ ಇಲ್ಲ' ಅಂತ ಹೇಳಿ ಮಲಗಿಬಿಟ್ಟಿತು.

ಬುಧವಾರ ರಾತ್ರಿ

ಚಿತ್ರ ಬರದೆ ಮುಂದಿನ ಯಾವ ಕೆಲಸವೂ ಆಗಲ್ಲ. ನೆಟ್‌ವರ್ಕ್ ತಪ್ಪಿದ್ದರೂ ಅದನ್ನು ಹೇಳೋದು ಆ ಪರದೆಯೇ ಅಲ್ವಾ?

ಡಬ್ಬಿಯ ಹಿಂದೆ ಕೆಂಪು, ಹಸಿರು, ನೀಲಿಗೆ ಮೂರೇ ಸಾಕೆಟ್. ಸಾಲು ಎಲ್ಲಿ ಶುರು, ಪುಟ ಎಲ್ಲಿ ಶುರು ಅಂತ ಮಾನಿಟರಿಗೆ ತಿಳಿಸುವ ಸಿಂಕ್‌ಗೆ ಬೇರೆ ವೈರ್ ಇಲ್ಲ. ಅದು ಹಸಿರು ವೈರಿನಲ್ಲೇ ಸೇರಿಕೊಂಡು ಬರುತ್ತದೆ. ನನ್ನ ಎಲ್‌ಸಿಡಿ ಮಾನಿಟರ್ ಸಿಂಕ್‌ಗಾಗಿ ವಿಜಿಎಯ 13 ಮತ್ತು 14ನೇ ಪಿನ್ ನೋಡುತ್ತದೆ. ಅಲ್ಲಿ ಏನೂ ಇಲ್ಲದ ಕಾರಣ ಮಲಗುತ್ತದೆ.

ಎಲ್‌ಎಂ1881 ಅಂತ ಎಂಟು ಕಾಲಿನ ಐಸಿ ಇದೆ. ಟಿವಿ ಸಿಗ್ನಲ್‌ನಿಂದ ಸಿಂಕ್ ಬೇರ್ಪಡಿಸೋದಕ್ಕೆ ಮಾಡಿದ್ದು. ಹಸಿರು ವೈರಿನಿಂದ ಒಂದು ಕವಲು ತೆಗೆದು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿಸಿ ಅದರ 2ನೇ ಕಾಲಿಗೆ ಕೊಟ್ಟೆ. 1ನೇ ಕಾಲಿನಿಂದ ವಿಜಿಎ 13ಕ್ಕೆ, 3ನೇ ಕಾಲಿನಿಂದ 14ಕ್ಕೆ. ಹಳೆ ಮೊಬೈಲ್ ಚಾರ್ಜರಿನ 5 ವೋಲ್ಟ್ ಸಾಕಾಯಿತು.

ಮೊದಲು ಚಿತ್ರ ಓರೆಯಾಗಿ ಹರಿದು ಹೋಗುತ್ತಿತ್ತು. 6ನೇ ಕಾಲಿನ ರೆಸಿಸ್ಟರ್ ಟಿವಿಗೆ 680 ಕಿಲೋ ಓಮ್ ಇರಬೇಕು. ಈ ಪರದೆಯ ಸಾಲುಗಳ ವೇಗ ಟಿವಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ರೆಸಿಸ್ಟರ್ ಬೆಲೆ ಇಳಿಸುತ್ತಾ ಹೋದೆ. 150 ಕಿಲೋ ಓಮ್ ಹತ್ತಿರ ಬಂದಾಗ ಚಿತ್ರ ತಟಕ್ಕನೆ ನಿಂತಿತು. ಬಿಳಿ ಅಕ್ಷರ, ಕಪ್ಪು ಹಿನ್ನೆಲೆ, ಮೆಮೊರಿ ಎಣಿಕೆ. ರಾತ್ರಿ ಒಂದು ಗಂಟೆ ಆಗಿತ್ತು, ಆದರೂ ಮನೆಯವರನ್ನು ಎಬ್ಬಿಸಿ ತೋರಿಸಿದೆ.

ಕಪ್ಪು ಜಾಗಕ್ಕೆ ಸ್ವಲ್ಪ ಹಸಿರು ಛಾಯೆ ಇದೆ. ಅದನ್ನು ಆಮೇಲೆ ನೋಡ್ಕೊಂಡರಾಯಿತು.

ಎರಡನೇ ಶನಿವಾರ, ಭಾನುವಾರ

ಪರದೆ ಮೇಲೆ ಒಂದೇ ಸಾಲು: ಬೂಟ್‌ಪಿಗೆ ಉತ್ತರ ಇಲ್ಲ. ಆನ್ ಆದ ಯಂತ್ರ 'ನನ್ನ ವಿಳಾಸ ಏನು, ಫೈಲ್ ಎಲ್ಲಿ' ಅಂತ ನೆಟ್‌ವರ್ಕ್‌ನಲ್ಲಿ ಕೂಗಿ ಕೇಳುವ ಹಳೆ ಪದ್ಧತಿಯೇ ಬೂಟ್‌ಪಿ.

ಇದರಲ್ಲಿರೋದು ಹಳೆ ಕಾಲದ ದುಂಡನೆ ಬಿಎನ್‌ಸಿ ಸಾಕೆಟ್. ಈಗಿನ ಲ್ಯಾನ್ ವೈರ್ ಕೂರಲ್ಲ. ಎರಡೂ ಬಗೆಯ ಸಾಕೆಟ್ ಇರುವ 10 ಎಂಬಿಪಿಎಸ್ ಹಬ್, ಅಂದರೆ ಹಲವು ಯಂತ್ರಗಳ ವೈರ್ ಸೇರಿಸುವ ಡಬ್ಬಿ, ನನ್ನ ಹತ್ತಿರ ಇತ್ತು. ನಡುವೆ ಹಾಕಲು ಕೇಬಲ್ ಟಿವಿ ಕೆಲಸ ಮಾಡುವ ಹುಡುಗನ ಹತ್ತಿರ ಮೂರು ಮೀಟರ್ ವೈರ್ ಕೇಳಿದೆ. ಅವನು ಟರ್ಮಿನಲ್ ಜೊತೆ ಬಂದಿದ್ದ ತುಂಡು ವೈರನ್ನು ತಿರುಗಿಸಿ ಓದಿದ.

"ಸರ್ರ, ನಮ್ಮದು 75 ಓಮ್ ವೈರ್ ರೀ. ಇದರ ಮ್ಯಾಲೆ 50 ಅಂತ ಬರದೈತಲ್ರೀ. ಆರ್‌ಜಿ 58 ಕೇಳ್ರಿ, ವೈರ್‌ಲೆಸ್ ಸೆಟ್ ರಿಪೇರಿ ಮಾಡೋರ ಕಡೆ ಸಿಗತೈತಿ."

ಅವನ ಮಾತು ನಿಜವಾಯಿತು, ಅಲ್ಲೇ ಸಿಕ್ಕಿತು. ಹಾಕಿದೆ. ಆದರೂ ಉತ್ತರ ಇಲ್ಲ. ಹಬ್ ಮೇಲಿನ ಡಿಕ್ಕಿ ತೋರಿಸುವ ಕೆಂಪು ದೀಪ ಮಾತ್ರ, ಟರ್ಮಿನಲ್ ಕೂಗಿದಾಗಲೆಲ್ಲ ಹತ್ತುತ್ತಿತ್ತು. ವೈರಿನಲ್ಲಿ ಮಾತಾಡುತ್ತಿರೋದು ಒಂದೇ ಯಂತ್ರ. ಹಾಗಿದ್ದರೆ ಡಿಕ್ಕಿ ಯಾರ ಜೊತೆ?

ಭಾನುವಾರ ಬೆಳಿಗ್ಗೆ ಚಹಾ ಕುಡಿಯುವಾಗ ಹೊಳೆಯಿತು. ಈ ವೈರಿನ ಎರಡೂ ತುದಿಗೆ 50 ಓಮ್‌ನ ಮುಚ್ಚಳ ಇರಬೇಕು. ಎರಡೂ ಸರಿ ಇದ್ದರೆ ಅವು ಸಮಾನಾಂತರವಾಗಿ ಸೇರಿ, ನಡುವೆ ಮೀಟರ್ ಹಿಡಿದಾಗ ಅರ್ಧ, ಅಂದರೆ 25 ಓಮ್ ತೋರಿಸಬೇಕು. ಒಂದು ಹೋದರೆ ರೆಸಿಸ್ಟೆನ್ಸ್ ಎರಡು ಪಟ್ಟಾಗುತ್ತದೆ, ಒಬ್ಬರು ಮಾತಾಡಿದರೂ ವೋಲ್ಟೇಜ್ ಎರಡು ಪಟ್ಟಾಗುತ್ತದೆ. ಯಂತ್ರ ಅದನ್ನು ಇಬ್ಬರು ಒಟ್ಟಿಗೆ ಮಾತಾಡಿದಂತೆ ತಿಳಿದು ಸುಮ್ಮನಾಗುತ್ತದೆ.

ಯಂತ್ರಗಳನ್ನು ಬಿಚ್ಚಿ, ಅವನ್ನು ವೈರಿಗೆ ಸೇರಿಸುವ ಟಿ ಆಕಾರದ ಕನೆಕ್ಟರಿಗೆ ಮೀಟರ್ ಹಿಡಿದೆ. 50.6.

ಹಬ್ ಕಡೆಯ ಮುಚ್ಚಳ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಒಳಗಿನ ರೆಸಿಸ್ಟರ್ ಕಡಿದಿತ್ತು. 100 ಓಮ್‌ನ ಎರಡು ರೆಸಿಸ್ಟರ್ ಸಮಾನಾಂತರವಾಗಿ ಹೊಸೆದು, ಖಾಲಿ ಬಿಎನ್‌ಸಿ ಪ್ಲಗ್‌ನಲ್ಲಿ ಬೆಸುಗೆ ಹಾಕಿ ಹೊಸ ಮುಚ್ಚಳ ಮಾಡಿದೆ. ಮತ್ತೆ ಮೀಟರ್. 25.3. ಆ ಅಂಕಿಯ ಫೋಟೊ ತೆಗೆದಿಟ್ಟುಕೊಂಡಿದ್ದೇನೆ.

ಕೆಂಪು ದೀಪ ಆರಿತು. ನೆಟ್‌ವರ್ಕ್‌ನಲ್ಲಿ ಓಡಾಡುವ ಸಂದೇಶ ತೋರಿಸುವ ಟಿಸಿಪಿಡಂಪ್‌ನಲ್ಲಿ ಟರ್ಮಿನಲ್‌ನ ಕೂಗು ಸಾಲುಸಾಲಾಗಿ ಕಾಣಿಸಿತು. ಲ್ಯಾಪ್‌ಟಾಪಿನಲ್ಲಿ ವಿಳಾಸ ಹಂಚುವ ಪ್ರೋಗ್ರಾಂ ಡಿಎನ್‌ಎಸ್‌ಮಾಸ್ಕ್ ಕೇಳಿಸಿಕೊಂಡರೂ ಉತ್ತರ ಕೊಡಲಿಲ್ಲ. ಬೂಟ್‌ಪಿ ಕೇಳುವವರಿಗೆ ಅದು ಹಾಗೆಲ್ಲ ವಿಳಾಸ ಕೊಡಲ್ಲ, ಹಾರ್ಡ್‌ವೇರ್ ವಿಳಾಸ ಬರೆದು ಐಪಿ ಗೊತ್ತುಮಾಡಿಡಬೇಕು. ಬರೆದೆ. ಫೈಲ್ ಇಳಿಯತೊಡಗಿತು. ಒಂದು ಕ್ಷಣ ಪರದೆ ಕಪ್ಪಾಗಿ, ಆಮೇಲೆ ಬೂದು ಬಣ್ಣದ ಸಣ್ಣ ಜಾಲರಿ, ನಟ್ಟನಡುವೆ ಎಕ್ಸ್ ಆಕಾರದ ಕರ್ಸರ್.

ಮಂಗಳವಾರ

ಜಾಲರಿ ಬಂತು, ಲಾಗಿನ್ ಬರಲಿಲ್ಲ. ಎಕ್ಸ್ ಲೋಕದಲ್ಲಿ ಸರ್ವರ್ ಅಂದರೆ ಮೇಜಿನ ಮೇಲಿರುವ ಟರ್ಮಿನಲ್. ಪರದೆ, ಕೀಬೋರ್ಡ್, ಮೌಸ್ ಕೊಡೋದು ಅದೇ. ಲ್ಯಾಪ್‌ಟಾಪಿನಲ್ಲಿ ಓಡುವ ಪ್ರೋಗ್ರಾಂಗಳೇ ಕ್ಲೈಂಟ್. ಟರ್ಮಿನಲ್ ಮೊದಲು ಲ್ಯಾಪ್‌ಟಾಪಿನ ಯುಡಿಪಿ 177ನೇ ಪೋರ್ಟ್ ತಟ್ಟಿ 'ಲಾಗಿನ್ ಕೊಡು' ಅನ್ನುತ್ತದೆ. ಲ್ಯಾಪ್‌ಟಾಪ್ ಟರ್ಮಿನಲ್‌ನ ಟಿಸಿಪಿ 6000ಕ್ಕೆ ಬಂದು ಲಾಗಿನ್ ಕಿಟಕಿ ಬಿಡಿಸುತ್ತದೆ. ಬಾಗಿಲು ಎರಡು ಕಡೆ ತೆರೆದಿರಬೇಕು ಅನ್ನೋದು ಗೊತ್ತಿಲ್ಲದಿದ್ದರೆ ದಿನಗಟ್ಟಲೆ ತಪ್ಪು ಕಡೆ ಹುಡುಕುತ್ತೀರಿ.

ಲ್ಯಾಪ್‌ಟಾಪಿನಲ್ಲಿ ಲಾಗಿನ್ ಕೊಡುವ ಪ್ರೋಗ್ರಾಂ ಎಕ್ಸ್‌ಡಿಎಂ. ಅದರ ಕಾನ್ಫಿಗ್ ಫೈಲಿನಲ್ಲಿ ರಿಕ್ವೆಸ್ಟ್ ಪೋರ್ಟ್ 0 ಅಂತ ಇತ್ತು, ಅಂದರೆ ಕೇಳಿಸಿಕೊಳ್ಳೋದೇ ಇಲ್ಲ. ಸಾಲಿನ ಮುಂದೆ ಆಶ್ಚರ್ಯಸೂಚಕ ಹಾಕಿ ಅದನ್ನು ನಿಲ್ಲಿಸಿದೆ. ಯಾರಿಗೆ ಲಾಗಿನ್ ಕೊಡಬಹುದು ಅಂತ ಬರೆಯುವ ಎಕ್ಸ್‌ಆಕ್ಸೆಸ್ ಫೈಲಿನಲ್ಲಿ ಟರ್ಮಿನಲ್‌ನ ಐಪಿ ಸೇರಿಸಿದೆ. ಫೈರ್‌ವಾಲ್‌ನಲ್ಲಿ 177 ಬಿಟ್ಟೆ. ಲಾಗಿನ್ ಬಂತು. ಇದರಲ್ಲಿ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ವೈರಿನ ಮೇಲೆ ಹೋಗುತ್ತದೆ, ಹಾಗಾಗಿ ಮನೆಯ ವೈಫೈಗೆ ಇದನ್ನು ಸೇರಿಸಿಲ್ಲ. ನೀವೂ ಸೇರಿಸಬೇಡಿ.

ಕಮಾಂಡ್ ಬರೆಯುವ ಎಕ್ಸ್‌ಟರ್ಮ್, ಗಡಿಯಾರ ತೋರಿಸುವ ಎಕ್ಸ್‌ಕ್ಲಾಕ್ ಚೆನ್ನಾಗಿ ಓಡುತ್ತಿವೆ. ಹೊಸ ಬ್ರೌಸರ್ ತೆರೆಯಲಿಲ್ಲ. ಇಲ್ಲಿರೋದು 256 ಬಣ್ಣ ಮಾತ್ರ, ಅದರ ಹಿಂದೆ ಬೀಳುವ ಯೋಚನೆಯೂ ನನಗಿಲ್ಲ.

ಈ ಭಾನುವಾರ

ಟರ್ಮಿನಲ್‌ನ ಫಾಂಟುಗಳಲ್ಲಿ ಕನ್ನಡ ಇಲ್ಲ. ಅದಕ್ಕೆ 'ಹುಬ್ಬಳ್ಳಿ' ಅಂತ ಲ್ಯಾಪ್‌ಟಾಪಿನಲ್ಲಿ ಬರೆದು, ಕಪ್ಪು ಬಿಳುಪು ಬಿಟ್‌ಮ್ಯಾಪ್ ಚಿತ್ರ ಮಾಡಿ, ಪರದೆಯ ಹಿನ್ನೆಲೆ ಬದಲಿಸುವ ಎಕ್ಸ್‌ಸೆಟ್‌ರೂಟ್‌ಗೆ ಕೊಟ್ಟೆ. ಬೂದು ಜಾಲರಿ ಹೋಗಿ ಪರದೆ ತುಂಬ ಹುಬ್ಬಳ್ಳಿ, ಸಾಲಿನ ಕೆಳಗೆ ಸಾಲು. ಬ ವತ್ತು, ಳ ವತ್ತು ಎರಡೂ ಒಡೆಯದೆ ನಿಂತಿವೆ. ಮುಂದಿನ ವಾರ ಆ ಹಸಿರು ಛಾಯೆ.