ಚಂದ್ರನ ಫೋಟೊ ತೆಗೆಯಲು ಯಾವ ಕ್ಯಾಮೆರಾ ಕೊಳ್ಳಬೇಕು?

ಟೆಲಿಸ್ಕೋಪ್ ಕೊಂಡವರೆಲ್ಲ ಕೇಳುವ ಪ್ರಶ್ನೆ ಇದು. ಸದ್ಯಕ್ಕೆ ಯಾವ ಕ್ಯಾಮೆರಾವನ್ನೂ ಕೊಳ್ಳಬೇಡಿ, ಕೈಯಲ್ಲಿರುವ ಫೋನೇ ಸಾಕು. ಮೊದಲು ಪಂಚಾಂಗ ನೋಡಿ.

ಹೆಚ್ಚಿನವರು ಹುಣ್ಣಿಮೆಗೆ ಕಾಯುತ್ತಾರೆ. ಆದರೆ ಅಂದು ಚಂದ್ರನ ಮೇಲೆ ಬಿಸಿಲು ನೇರವಾಗಿ ಬೀಳುವುದರಿಂದ ನೆರಳಿರುವುದಿಲ್ಲ, ನೆರಳಿಲ್ಲದೆ ಕುಳಿಗಳ ಆಳ ತಿಳಿಯುವುದಿಲ್ಲ. ಶುಕ್ಲ ಸಪ್ತಮಿಯಿಂದ ದಶಮಿವರೆಗಿನ ಸಂಜೆಗಳು ಒಳ್ಳೆಯವು. ಅಷ್ಟಮಿಯ ಹೊತ್ತಿಗೆ ಬೆಳಕು-ಕತ್ತಲೆಯ ಗಡಿಯಲ್ಲಿ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಕೆಲ್ ಕುಳಿಗಳು ಸಾಲಾಗಿ ಕಾಣುತ್ತವೆ. ದಶಮಿಗೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಬೆಳಗಿರುತ್ತದೆ. ಫಾಲ್ಗುಣ, ಚೈತ್ರದ ಅಷ್ಟಮಿ ಚಂದ್ರ ಸೂರ್ಯಾಸ್ತದ ವೇಳೆಗೆ ಕರ್ನಾಟಕದಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಅಷ್ಟು ಎತ್ತರದಲ್ಲಿದ್ದಾಗ ನಡುವಿನ ಗಾಳಿಯ ಪದರ ತೆಳು, ಚಿತ್ರ ಕಡಿಮೆ ನಡುಗುತ್ತದೆ. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ಆರಲು ಬಿಡಿ. ಹಗಲೆಲ್ಲ ಕಾದ ತಾರಸಿಗಿಂತ ಮಣ್ಣಿನ ಅಂಗಳ ಮೇಲು.

650 ಮಿ.ಮೀ. ಫೋಕಲ್ ಲೆಂತ್‌ನ 130 ಮಿ.ಮೀ. ಅಗಲದ ಕನ್ನಡಿಯ ನ್ಯೂಟೋನಿಯನ್ ಟೆಲಿಸ್ಕೋಪ್ ಇದೆ ಎಂದುಕೊಳ್ಳೋಣ. 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ ಚಂದ್ರನನ್ನು ಹಿಡಿಯಿರಿ, ಆಮೇಲೆ 10 ಮಿ.ಮೀ. ಹಾಕಿ. 65 ಪಟ್ಟು ದೊಡ್ಡದಾದ ಚಂದ್ರ ಫೋನಿನ ಚೌಕಟ್ಟಿನಲ್ಲಿ ಚೆನ್ನಾಗಿ ಕೂರುತ್ತಾನೆ. ಫೋನನ್ನು ಕೈಯಲ್ಲಿ ಹಿಡಿಯದೆ, ಐಪೀಸಿಗೆ ಜೋಡಿಸುವ ಅಡಾಪ್ಟರ್‌ಗೆ ಬಿಗಿಯಿರಿ, ಐಪೀಸಿನ ರಬ್ಬರ್ ಅಂಚು ಮಡಚಿ. ಚಿತ್ರದ ಬದಿಯಲ್ಲಿ ಕಪ್ಪು ನೆರಳು ನುಗ್ಗಿದರೆ ಲೆನ್ಸ್ ಐಪೀಸಿನ ನಡುವಿಗೆ ಬಂದಿಲ್ಲ ಎಂದರ್ಥ. ಎರಡು-ಮೂರು ಕ್ಯಾಮೆರಾಗಳಿರುವ ಫೋನು ತಾನಾಗಿಯೇ ಬೇರೆ ಲೆನ್ಸಿಗೆ ಜಿಗಿಯುವುದೂ ಉಂಟು. ಜೂಮ್ 1ಎಕ್ಸ್ ಬಿಟ್ಟು ಕದಲಬೇಡಿ. ಫೋನಿನ ಭಾರಕ್ಕೆ ಕೊಳವೆ ವಾಲಿದರೆ ಬ್ಯಾಲೆನ್ಸ್ ಸರಿಮಾಡಿ.

ಇನ್ನು ಎಕ್ಸ್‌ಪೋಷರ್. ಆಟೊ ಮೋಡ್ ಸುತ್ತಲಿನ ಕಪ್ಪು ಆಕಾಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಚಂದ್ರ ಬಿಳಿ ಬಿಲ್ಲೆಯಾಗುತ್ತಾನೆ. ನೈಟ್ ಮೋಡ್ ಆಫ್ ಮಾಡಿ, ಎಲ್ಲವನ್ನೂ ನಾವೇ ಹೊಂದಿಸಬಹುದಾದ ಪ್ರೊ ಮೋಡ್‌ನಲ್ಲಿ ಐಎಸ್‌ಒ 100, ಶಟರ್ (ಬೆಳಕು ಒಳಬಿಡುವ ಸಮಯ) 1/250 ಸೆಕೆಂಡಿನಿಂದ ಶುರುಮಾಡಿ. ಬೆಳಗಿದ ಅಂಚಿನಲ್ಲಿ ಒಂದು ಚುಕ್ಕೆಯೂ ಸುಟ್ಟು ಬಿಳಿಯಾಗಬಾರದು. ಕಪ್ಪಾದ ಚಿತ್ರವನ್ನು ಆಮೇಲೆ ಬೆಳಗಿಸಬಹುದು, ಬಿಳಿಯಾಗಿ ಹೋದದ್ದು ಮರಳಿ ಬಾರದು. ಕಣ್ಣಿಗೆ ಸರಿಹೋದ ಫೋಕಸ್ ಫೋನಿಗೆ ಸರಿಹೋಗಬೇಕೆಂದಿಲ್ಲ. ಸ್ಕ್ರೀನ್ ನೋಡುತ್ತಲೇ, ನೆರಳಿನ ಗಡಿಯ ಕುಳಿಗಳು ಸ್ಪಷ್ಟವಾಗುವವರೆಗೆ ಟೆಲಿಸ್ಕೋಪಿನ ಫೋಕಸ್ ಗುಂಡಿ ತಿರುಗಿಸಿ. 2 ಸೆಕೆಂಡಿನ ಟೈಮರ್ ಇಟ್ಟರೆ ಬೆರಳಿನ ಅಲುಗಾಟ ತಪ್ಪುತ್ತದೆ. ಮೋಟಾರಿಲ್ಲದ ಸ್ಟ್ಯಾಂಡಿನಲ್ಲಿ ಚಂದ್ರ ಸುಮಾರು 2 ನಿಮಿಷಕ್ಕೆ ತನ್ನಗಲದಷ್ಟು ಸರಿಯುತ್ತಾನೆ, ಆದ್ದರಿಂದ ಅವನು ಸಾಗುವ ದಿಕ್ಕಿನಲ್ಲಿ ಜಾಗ ಬಿಟ್ಟಿರಿ.

ಡಿಎಸ್‌ಎಲ್‌ಆರ್ ಇರುವವರಿಗೆ ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ ಎಂಬ ಉಂಗುರ ಬೇಕು. ಎಷ್ಟೋ ಅಗ್ಗದ ನ್ಯೂಟೋನಿಯನ್‌ಗಳಲ್ಲಿ ಫೋಕಸರ್ (ಫೋಕಸ್ ಹೊಂದಿಸುವ ಕೊಳವೆ) ಬೇಕಾದಷ್ಟು ಒಳಗೆ ಹೋಗದೆ ಚಿತ್ರ ಮಸುಕಾಗಿಯೇ ಉಳಿಯುತ್ತದೆ. ಬಿಂಬವನ್ನು ಎರಡು ಪಟ್ಟು ಹಿಗ್ಗಿಸುವ 2ಎಕ್ಸ್ ಬಾರ್ಲೋ ಮಸೂರ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸೆನ್ಸರ್ ಮೇಲಿನ ಚಂದ್ರನ ಬಿಂಬವೂ 6 ಮಿ.ಮೀ.ಯಿಂದ 12ಕ್ಕೆ ಏರುತ್ತದೆ.

ಒಂದೇ ಫೋಟೊಗಿಂತ 30 ಸೆಕೆಂಡಿನ ವಿಡಿಯೊ ಹೆಚ್ಚು ಕೊಡುತ್ತದೆ. ಇದಕ್ಕೆ ಕಂಪ್ಯೂಟರಿನಲ್ಲಿ ಮೂರು ತಂತ್ರಾಂಶಗಳು ಬೇಕು. ಪಿಪ್‌ನಲ್ಲಿ ವಿಡಿಯೊವನ್ನು ಎವಿಐ ಮಾದರಿಯ ಕಡತವಾಗಿ ಬದಲಿಸಿ, ಆಟೊಸ್ಟ್ಯಾಕರ್ಟ್‌ನಲ್ಲಿ ಗಾಳಿ ನಿಂತಾಗ ಸಿಕ್ಕ ಉತ್ತಮ 20 ಶೇಕಡ ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡಿ, ರೆಜಿಸ್ಟ್ಯಾಕ್ಸ್‌ನಲ್ಲಿ ಹರಿತಗೊಳಿಸಿ. ಮೂರೂ ಉಚಿತ. ಚಂದ್ರನ ಅಂಚಿಗೆ ಬಿಳಿ ಗೆರೆ ಮೂಡಿತೆಂದರೆ ಹರಿತ ಹೆಚ್ಚಾಗಿದೆ, ಅದು ಮಾಯವಾಗುವವರೆಗೆ ಇಳಿಸಿ.