ದಾವಣಗೆರೆಯಿಂದ ಮಲೆನಾಡಿಗೆ ಟೂರ್ ಬಸ್: ಬುಕ್ ಮಾಡುವ ಮುನ್ನ

ಮೂರು ದಿನದ ಮಲೆನಾಡು ಪ್ಯಾಕೇಜ್ ಎಂದರೆ ಸಾಮಾನ್ಯವಾಗಿ ಚಿಕ್ಕಮಗಳೂರು, ಹೊರನಾಡು, ಶೃಂಗೇರಿ, ಆಗುಂಬೆ. ಎಷ್ಟು ಜಾಗ ತೋರಿಸುತ್ತಾರೆ ಎಂಬುದಕ್ಕಿಂತ ಮೊದಲು ಎಂಥ ಬಸ್ಸು ಎಂದು ಕೇಳಿ. 12 ಮೀಟರ್ ಉದ್ದದ ಕೋಚ್ ಹೆದ್ದಾರಿಯಲ್ಲಿ ಸುಖ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಿರಿದಾದ ತಿರುವುಗಳಿಗೆ ಅದು ಒಗ್ಗದು. ಅಲ್ಲಿ ಜೀಪ್ ಹತ್ತಬೇಕು. ಆ ಬಾಡಿಗೆ ಪ್ಯಾಕೇಜಿನೊಳಗೇ ಇದೆಯೋ, ಬೇರೆಯೋ ಎಂಬುದನ್ನು ಬರಹದಲ್ಲೇ ಪಡೆಯಿರಿ, ಜಗಳ ಹುಟ್ಟುವುದು ಬಹುಪಾಲು ಇಲ್ಲೇ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲದಲ್ಲಿ ಭಾರೀ ವಾಹನಗಳನ್ನು ತಡೆಯುವುದುಂಟು. ನನ್ನ ಕೇಳಿದರೆ 20–25 ಸೀಟಿನ ಮಿನಿಬಸ್ಸೇ ವಾಸಿ.

ಸೀಟು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರಲಿ. ಹಿಂದಿನ ಆಕ್ಸಲ್‌ನ ಆಚೆಗಿರುವ ಸಾಲುಗಳು ಪ್ರತಿ ತಿರುವಿನಲ್ಲೂ ಬಾಲದಂತೆ ಬೀಸುತ್ತವೆ, ಗುಂಡಿ ಬಂದರೆ ಎತ್ತಿ ಹಾಕುತ್ತವೆ. ವಾಂತಿ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಒಳಕಿವಿ ತಿರುವನ್ನು ಗ್ರಹಿಸುತ್ತದೆ, ಮೊಬೈಲ್ ನೋಡುವ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ. ಈ ತಿಕ್ಕಾಟಕ್ಕೇ ಹೊಟ್ಟೆ ತೊಳಸುವುದು. ಫೋನ್ ಒಳಗಿಟ್ಟು ದೂರದ ಗುಡ್ಡ ನೋಡಿ. ಘಾಟಿ ಹತ್ತಿದ ಮೇಲೆ ಮಾತ್ರೆ ನುಂಗಿದರೆ ಪ್ರಯೋಜನ ಕಡಿಮೆ, ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಳ್ಳಿ. ಹೊರಡುವ ಬೆಳಿಗ್ಗೆ ಬೆಣ್ಣೆ ದೋಸೆ ಬೇಡವೇ ಬೇಡ. ಎರಡು ಇಡ್ಲಿ ಸಾಕು.

ವೇಳಾಪಟ್ಟಿಯನ್ನೂ ಓದಿ ನೋಡಿ. ಘಾಟಿಯಲ್ಲಿ ಬಸ್ಸಿನ ವೇಗ ಗಂಟೆಗೆ 25–30 ಕಿ.ಮೀ. ದಾಟುವುದೇ ಕಷ್ಟ. ಒಂದೇ ದಿನಕ್ಕೆ ಆರು ಜಾಗ ತುಂಬಿದ್ದರೆ ಕೊನೆಯ ಎರಡು ಕತ್ತಲಲ್ಲೇ. ಮಳೆಗಾಲವಾದರೆ ಉದ್ದ ಸಾಕ್ಸ್, ಒಂದು ಪೊಟ್ಟಣ ಉಪ್ಪು ಕೈಚೀಲದಲ್ಲೇ ಇರಲಿ. ಜಿಗಣೆ ಹತ್ತುವ ಹೊತ್ತಿಗೆ ದೊಡ್ಡ ಬ್ಯಾಗು ಡಿಕ್ಕಿಯಲ್ಲಿರುತ್ತದೆ.